ಅಮೆರಿಕದ ರೈತನಿಗೆ ಕಳ್ಳಂಬೆಳ್ಳದ ಬೈಗುಳ

ಇಂಗ್ಲಿಷ್ ಎಂ.ಎ. ಮಾಡಿದವನಿಗೆ ಅಮೆರಿಕದ ಕಾದಂಬರಿ ಯಾವ ಲೆಕ್ಕ! ಹೀಗೆಂದುಕೊಂಡೇ ನಾನು ಮಧುಗಿರಿಯ ಕಾಲೇಜಿನಲ್ಲಿ ಆ ಪಾಠ ಒಪ್ಪಿಕೊಂಡದ್ದು. ಪುಸ್ತಕ ಬಿಚ್ಚಿದ ಮೇಲೆ ಅನುಮಾನ ಶುರುವಾಯಿತು. ಒಬ್ಬ ಮುದುಕ ರೈತ ಜಗಲಿಯಲ್ಲಿ ಕೂತ ಅಳಿಯನಿಗೆ ಪುಟದುದ್ದಕ್ಕೂ ಏನೋ ಕೂಗುತ್ತಿದ್ದ. ಅರ್ಧ ನುಂಗಿದ ಮಾತು, ಕಂಡು ಕೇಳರಿಯದ ಗಾದೆ. ಡಿಕ್ಷನರಿಯೂ ಕೈಚೆಲ್ಲಿತು. ಅಮೆರಿಕದವರು ನನ್ನಂಥವರ ಕೆಲಸ ಕಳೆಯಲೆಂದೇ ಇದನ್ನು ಬರೆದಿರಬೇಕು!

ಸೋಮವಾರ ಪ್ರಿನ್ಸಿಪಾಲರು ನನ್ನ ತರಗತಿಯಲ್ಲಿ ಕೂರುವವರಿದ್ದರು. ಪಾಠ ಹಿಡಿಸಿದರೆ ನನ್ನ ಟೆಂಪರರಿ ಕೆಲಸ ಕಾಯಂ. ಮುದುಕ ಅಳಿಯನನ್ನು ಬೈದು ಓಡಿಸುತ್ತಿದ್ದಾನೆಂದು ನಾನೇ ತೀರ್ಮಾನಿಸಿದೆ. ಅದನ್ನು ನಮ್ಮ ಹಳ್ಳಿಮಾತಿನಲ್ಲಿ ಹೇಳಿದರೆ ಹುಡುಗರಿಗೂ ಅರ್ಥ, ಪ್ರಿನ್ಸಿಪಾಲರಿಗೂ ಆನಂದ. ಆದರೆ ಮೈಸೂರಿನ ಹಾಸ್ಟೆಲ್ಲುಗಳಲ್ಲಿ ಬೆಳೆದ ನನಗೆ ಹಳ್ಳಿಮಾತು ಎಲ್ಲಿಂದ ಬರಬೇಕು? ಹೆಂಡತಿ ಸರೋಜಳನ್ನು ಕೇಳೋಣವೆಂದರೆ, ಸಿಟ್ಟು ಬಂದರೆ ಅವಳು ಬೈಯುವುದಿಲ್ಲ, ಮಾತೇ ಬಿಡುತ್ತಾಳೆ. ಸರಿ, ಭಾನುವಾರ ಅವಳನ್ನೂ ಕರೆದುಕೊಂಡು ಕಳ್ಳಂಬೆಳ್ಳಕ್ಕೆ, ಮಾವನ ಮನೆಗೆ ಹೊರಟೆ.

"ಹಬ್ಬಕ್ಕೆ ಕರೆದ್ರೂ ಬರದೋರು, ಇವತ್ತೇನ್ರೀ?" ಎಂದು ಸರೋಜ ಬಸ್ಸಿನುದ್ದಕ್ಕೂ ನನ್ನ ಮುಖವನ್ನೇ ನೋಡಿದಳು.

ಕೆರೆ ಏರಿ ಪಕ್ಕದ ಟೀ ಅಂಗಡಿಯಲ್ಲಿ ಗಂಡಸರು ಗಲಗಲ ಮಾತಾಡುತ್ತಿದ್ದರು. ಸರೋಜಳನ್ನು ಮನೆಗೆ ಕಳಿಸಿ ನಾನು ಹೋಗಿ ಕೂತೆ. ಎಲ್ಲರೂ ಗಪ್‌ಚುಪ್!

"ಮಾತಾಡಿ, ನಾನು ಸುಮ್ಮನೆ ಕೇಳೋಕೆ ಬಂದೆ" ಎಂದೆ. ಅಷ್ಟೇ ಸಾಕಾಯಿತು. ಅದು ಎಮರ್ಜೆನ್ಸಿ ಕಾಲ. ಕುಟುಂಬ ಯೋಜನೆ ಆಪರೇಷನ್ನಿಗೆ ಗಂಡಸರನ್ನು ಹಿಡಿದು ತನ್ನಿ ಎಂದು ಮೇಷ್ಟ್ರುಗಳಿಗೆಲ್ಲ ಒತ್ತಡವಿತ್ತು.

"ತಾವು ಕುಶಲವೇ ಸ್ವಾಮಿ?" ಎಂದ ಒಬ್ಬ, ರೇಡಿಯೊ ವಾರ್ತೆಯ ಕನ್ನಡದಲ್ಲಿ!

"ಹಾಗಲ್ಲ, ಯಾರಿಗಾದರೂ ಜೋರಾಗಿ ಬೈಯಿರಿ" ಎಂದು ಬೇಡಿಕೊಂಡೆ.

"ಹಿಡ್ಕಂಡೋಗಕ್ಕೇ ಬಂದವ್ನೆ, ಏಳ್ಲಾ!" ಎಂದು ಇನ್ನೊಬ್ಬ ಪಿಸುಗುಟ್ಟಿದ.

"ನಂಗಿನ್ನೂ ಮದ್ವೇನೇ ಆಗಿಲ್ಲ ಸ್ವಾಮಿ" ಎನ್ನುತ್ತ, ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಮುದುಕ ಎದ್ದು ನಡೆದ. ಹಿಂದೆಯೇ ಬೆಂಚು ಖಾಲಿ!

ಆಗ ಬಂದರು ಮಾವ, ದೂರದಿಂದಲೇ ಗುಡುಗುತ್ತ.

"ಏನ್ ಗ್ರಾಚಾರ ಬಂದೈತೆ ಅಳಿಯಂದ್ರೇ ನಿಮ್ಗೆ? ಹೊತ್ತು ನೆತ್ತಿಗ್ ಬಂದೈತೆ, ಇಲ್ ಗೂಟ ಹೊಡ್ಕಂಡ್ ಕುಂತಿದೀರಲ್ಲ! ಏಳ್ರಿ ಮ್ಯಾಕೆ! ನಮ್ ಮರ್ವಾದೆ ಕಳ್ಯಕ್ಕೇ ಬಂದಿದೀರಾ ಹೆಂಗೆ?"

"ಇನ್ನೊಂದು ಸಲ ಹೇಳಿ ಮಾವ!" ಎಂದು ಆನಂದದಿಂದ ಕೈಮುಗಿದೆ. ಮಾವ ನನ್ನನ್ನು ಅನುಮಾನದಿಂದ ನೋಡಿ, ಎರಡನೇ ಸಲ ಅದನ್ನೇ ಹೇಳಿ, ಬಿರಬಿರನೆ ಮನೆ ಕಡೆ ಹೋದರು. ಇಷ್ಟು ಬೈಸಿಕೊಂಡ ಮೇಲೂ ನಿಲ್ಲುವುದು ಮರ್ಯಾದಸ್ಥರ ಲಕ್ಷಣವಲ್ಲ. ಸರೋಜಳನ್ನು ತವರಿನಲ್ಲೇ ಬಿಟ್ಟು, ಬೈಗುಳವನ್ನು ಬಾಯಿಪಾಠ ಮಾಡುತ್ತ ಸಿರಾ ಬಸ್ಸು ಹತ್ತಿದೆ.

ಸೋಮವಾರ ಅದನ್ನು ಹಾಗೇ ಒಪ್ಪಿಸಿದೆ. ಹುಡುಗರು ಬೆಂಚು ಕುಟ್ಟಿ ನಕ್ಕರು. ಪಾಠ ಮುಗಿದ ಮೇಲೆ ಪ್ರಿನ್ಸಿಪಾಲರು ಹತ್ತಿರ ಕರೆದರು.

"ಭೇಷಾಗಿ ಬೈದ್ರಿ. ಆದ್ರೆ ಆ ಮುದುಕ ಬೈತಿದ್ದಾನೆ ಅಂತ ಯಾರು ಹೇಳಿದ್ದು?"

"ಧಾಟಿ ನೋಡಿದರೆ ಸಾರ್..."

"ಅಳಿಯನ್ನ ಊಟಕ್ಕೆ ಎಬ್ಬಿಸ್ತಿದ್ದಾನೆ ಕಣ್ರೀ! ಮುಂದಿನ ಪುಟದಲ್ಲಿ ಇಬ್ಬರೂ ಕೂತು ಉಣ್ತಾರಲ್ಲ, ಓದಲಿಲ್ವಾ?"

ಓದಿರಲಿಲ್ಲ! ಕಾಯಂ ವಿಚಾರ ಮುಂದಿನ ವರ್ಷಕ್ಕೆ ಹೋಯಿತು.

ಸಂಜೆ ಸರೋಜ ಬಂದವಳೇ ಚೀಲ ಕುಕ್ಕಿದಳು. "ಅಪ್ಪ ಕೋಳಿ ಕುಯ್ಸಿ, ಊಟಕ್ಕೆ ಏಳಿ ಅಂತ ಕರೆಯೋಕೆ ಬಂದ್ರೆ ಹೇಳದೆ ಕೇಳದೆ ಬಸ್ ಹತ್ತೋದಾ?"

"ಅವರು ಬೈದರು ಕಣೇ!"

"ಅಪ್ಪ ಪ್ರೀತಿಯಿಂದ ಕರೆಯೋದೇ ಹಂಗೆ!" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇಂಗ್ಲಿಷ್ ಬರುತ್ತೆ ಅಂತ ನಿಮ್ಗೆ ನನ್ನ ಕೊಟ್ರು. ಕನ್ನಡ ಬರುತ್ತಾ ಅಂತ ಯಾರೂ ವಿಚಾರಿಸ್ಲೇ ಇಲ್ಲ ನೋಡಿ!"