ಬಾಯಿ ಮುಚ್ಚಿಸಿಕೊಂಡ ಮೇಲ್ ಪ್ರೋಗ್ರಾಮಿನ ಪರವಾಗಿ

ಮಾನ್ಯರೇ,

ಮೂರನೇ ಮಹಡಿಯ ತಣ್ಣನೆಯ ಕೋಣೆಯಲ್ಲಿ ವಿರಾಜಮಾನರಾಗಿರುವ, ನಮ್ಮ ಪ್ರಯೋಗಾಲಯದ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಾದ ತಮಗೆ, ಕೆಳಗಿನ ಮಹಡಿಯಲ್ಲಿ ಕೂತು ಪರೀಕ್ಷಾ ವರದಿಗಳನ್ನು ವೈದ್ಯರಿಗೆ ಮೇಲ್ ಮಾಡುವ ಗುಮಾಸ್ತೆಯ ಅನಂತಾನಂತ ವಂದನೆಗಳು. ತಮ್ಮ ಗೋಡೆಯ ಮೇಲಿನ ಪ್ರಶಂಸಾಪತ್ರದ ಚೌಕಟ್ಟು ಕ್ಷೇಮವೆಂದು ಭಾವಿಸಿ ಮುಂದುವರಿಯುತ್ತೇನೆ.

ಎರಡು ತಿಂಗಳ ಹಿಂದೆ ನಮ್ಮ ನಿರ್ದೇಶಕರು ಪ್ರತಿ ವರದಿಯ ನೆತ್ತಿಯ ಮೇಲೂ ಹೊಸ ಕಟ್ಟಡದ ಬಣ್ಣದ ಚಿತ್ರವಿರಬೇಕೆಂದು ಅಪ್ಪಣೆ ಕೊಡಿಸಿದ್ದು ತಮಗೆ ನೆನಪಿರಬಹುದು. ಮರುದಿನದಿಂದಲೇ ಮೇಲ್ ತಲುಪಿಸುವ ಪ್ರೋಗ್ರಾಮು, ಪಾಪ, ಕಡತ ಮಿತಿಗಿಂತ ದೊಡ್ಡದಾಗಿದೆ, ಪತ್ರ ತಲುಪಿಲ್ಲ ಎಂದು ದಿನಕ್ಕೆ ನಲವತ್ತು ಸಲ ಬಾಯಿ ಬಡಿದುಕೊಳ್ಳತೊಡಗಿತು. ನಮ್ಮ ತಲೆ ಚಿಟ್ಟುಹಿಡಿದು ತಮ್ಮನ್ನು ಕರೆದೆವು. ತಾವು ಬಂದಿರಿ, ನಿಂತೇ ಇದ್ದಿರಿ, ಒಂದೇ ಒಂದು ಸೂಚನೆಯನ್ನೂ ಓದುವ ಕಷ್ಟ ತೆಗೆದುಕೊಳ್ಳದೆ, ಇನ್ನು ಮುಂದೆ ಇಂಥವೆಲ್ಲ ಯಾರ ಕಣ್ಣಿಗೂ ಬೀಳದೆ ನೇರ ಕಸದ ಫೋಲ್ಡರಿಗೆ ಹೋಗಬೇಕೆಂದು ನಿಯಮ ಬರೆದು ಹೋದಿರಿ. ಆ ತಿಂಗಳ ವರದಿಯಲ್ಲಿ ದೋಷಗಳ ಸಂಖ್ಯೆ ಸೊನ್ನೆ. ಅದಕ್ಕಾಗಿ ತಮಗೆ ಪ್ರಶಂಸಾಪತ್ರ ಸಿಕ್ಕಾಗ ನಾವೂ ಚಪ್ಪಾಳೆ ತಟ್ಟಿದೆವು.

ಅದೇ ದಿನಗಳಲ್ಲಿ ನಮ್ಮ ಅತ್ತಿಗೆಯ ಕೊರಳಿನ ಗಂಟಿನ ಪರೀಕ್ಷೆ ನಮ್ಮಲ್ಲೇ ಆಯಿತು. ವರದಿಯನ್ನು ನಾವು ತೆರೆದು ಓದುವಂತಿಲ್ಲವಾದ್ದರಿಂದ ನಾನು ಅವರ ವೈದ್ಯರಿಗೆ ಕಳುಹಿಸಿ ಸುಮ್ಮನಾದೆ. 'ಡಾಕ್ಟ್ರು ಏನೂ ಹೇಳಿಲ್ಲ ಅಂದ್ರೆ ಏನೂ ಇಲ್ಲ ಅಂತಾನೇ ಅಲ್ವೇನೇ' ಎಂದು ಅತ್ತಿಗೆ ಕೇಳಿದಾಗಲೆಲ್ಲ, 'ಕಳ್ಸಾಗಿದೆ ಅತ್ತಿಗೆ, ವಾಪಸ್ಸಂತೂ ಬಂದಿಲ್ಲ' ಎಂದು ತಮ್ಮ ಸೊನ್ನೆಯನ್ನು ನಂಬಿ ಧೈರ್ಯ ಹೇಳಿದವಳು ನಾನೇ. ಹತ್ತೊಂಬತ್ತನೆಯ ದಿನ ವೈದ್ಯರೇ ಫೋನು ಮಾಡಿ, ವರದಿಯೆಲ್ಲಿ, ಎಷ್ಟು ದಿನ ಕಾಯಿಸುತ್ತೀರಿ ಎಂದು ಗದರಿದರು.

ಕಸದ ಫೋಲ್ಡರು ತೆರೆದೆ. ಸಾವಿರದ ಎಂಟುನೂರ ಹನ್ನೆರಡು ಸೂಚನೆಗಳು, ಎಲ್ಲದರಲ್ಲೂ ಒಂದೇ ಮಾತು, ಒಂದರಲ್ಲಿ ಅತ್ತಿಗೆಯ ಹೆಸರು. ಒಂದನ್ನು ಪೂರ್ತಿ ಓದಿ, ಕಟ್ಟಡದ ಚಿತ್ರವನ್ನು ಕುಗ್ಗಿಸಿ ಮತ್ತೆ ಕಳುಹಿಸಿದೆ, ಹೋಯಿತು. ಒಟ್ಟು ಹತ್ತು ನಿಮಿಷದ ಕೆಲಸ. ಉಳಿದ ವೈದ್ಯರಿಗೆಲ್ಲ ನಾವು ನಾಲ್ವರು ಇನ್ನೂ ಫೋನು ಮಾಡುತ್ತಲೇ ಇದ್ದೇವೆ.

ಆದರೂ ತಮ್ಮ ಪ್ರತಿಭೆ ಒಂದು ಕಂಪ್ಯೂಟರಿಗಷ್ಟೇ ಮೀಸಲಾಗುವುದು ಅನ್ಯಾಯವೆಂಬ ಕಾರಣಕ್ಕೆ ಕೆಲವು ವಿನಂತಿಗಳಿವೆ. ಭಾರ ಹೆಚ್ಚಾದಾಗ ಕಿರುಚುವ ಲಿಫ್ಟಿನ ಬಾಯಿಗೆ ಬಟ್ಟೆ ತುರುಕಿಸಿ, ತಾವೇ ಮೊದಲು ಹತ್ತಬೇಕು. ಹೊಗೆ ಕಂಡೊಡನೆ ಕೂಗುವ ಗಂಟೆಯನ್ನೂ ಅಶಿಸ್ತಿಗಾಗಿ ಕೆಲಸದಿಂದ ತೆಗೆಯಬೇಕು. ತಮ್ಮ ಹಲ್ಲು ನೋಯುವ ದಿನ ಹಲ್ಲಿನ ವೈದ್ಯರು ತಮ್ಮ ಬಾಯಿಗೆ ಅಂಟುಪಟ್ಟಿ ಹಚ್ಚಿ, ದೂರು ನಿವಾರಣೆಯಾಯಿತೆಂದು ಕಳುಹಿಸಿಕೊಡಲಿ ಎಂದೂ ಹಾರೈಸುತ್ತೇನೆ.

ಕೊನೆಯದೊಂದು ವಿನಂತಿ. ಅತ್ತಿಗೆಗೆ ಸೋಮವಾರ ಶಸ್ತ್ರಚಿಕಿತ್ಸೆ. ಎರಡು ವಾರ ಮುಂಚೆ ಬಂದಿದ್ದರೆ ಚೆನ್ನಾಗಿತ್ತು ಎಂದಷ್ಟೇ ವೈದ್ಯರು ಹೇಳಿದ್ದಾರೆ. ಅಷ್ಟರೊಳಗೆ ತಾವು ಬಿಡುವು ಮಾಡಿಕೊಂಡು, ಅವರ ಕೊರಳಿನ ಗಂಟೂ ಯಾರ ಕಣ್ಣಿಗೂ ಬೀಳದೆ ನೇರ ಕಸಕ್ಕೆ ಹೋಗುವಂತೆ ಒಂದು ನಿಯಮ ಬರೆದುಕೊಟ್ಟರೆ, ನಾನೇ ಬಂದು ತಮ್ಮ ಗೋಡೆಗೆ ಇನ್ನೊಂದು ಮೊಳೆ ಹೊಡೆಯುತ್ತೇನೆ.

ತಮ್ಮ ಸೊನ್ನೆಯನ್ನು ಹತ್ತೊಂಬತ್ತು ದಿನ ನಂಬಿದ,
ತಮ್ಮ ವಿಶ್ವಾಸಿ,
ವರದಿ ಕಳುಹಿಸುವ ಗುಮಾಸ್ತೆ

ತಾ.ಕ.: ಈ ಪತ್ರವನ್ನು ಕಟ್ಟಡದ ದೊಡ್ಡ ಚಿತ್ರದ ಸಮೇತ ತಮಗೆ ಮೂರು ಸಲ ಮೇಲ್ ಮಾಡಿದ್ದೆ. ವಾಪಸ್ಸು ಬಂದಿಲ್ಲವಾದ್ದರಿಂದ ತಮ್ಮ ಲೆಕ್ಕದಲ್ಲಿ ತಲುಪಿದೆ. ಲಿಫ್ಟಿನ ಬಾಗಿಲಿಗೆ ಅಂಟಿಸಿರುವುದು ನನ್ನ ಸಮಾಧಾನಕ್ಕೆ ಮಾತ್ರ. ಕಿತ್ತು ಬಿಸಾಡುವ ಮುನ್ನ, ಈ ಒಂದನ್ನಾದರೂ ಓದಿ.