ಚಂದ್ರಮೌಳಪ್ಪನ ಸ್ಟೇರಿಂಗ್ ಬುಷ್ ದಿಗ್ವಿಜಯ

ಕೇಳಿರಿ, ಗ್ಯಾರೇಜು-ಪೀಡಿತ-ಸಕಲ-ಸಜ್ಜನರೇ! ಡೀಸೆಲ್ ಧೂಮದಿಂದ ದಶದಿಕ್ಕುಗಳು ಮಸುಕಾಗಿ, ರಸ್ತೆಗಳನ್ನು ಗುಂಡಿಗಳೇ ಆಳುತ್ತಿರುವ ಈ ಘೋರ ಕಲಿಯುಗದಲ್ಲಿ, ತುಮಕೂರೆಂಬ ಪುರದ ಶೆಟ್ಟಿಹಳ್ಳಿ ಬಡಾವಣೆಯ ಒಂದು ಅಡ್ಡರಸ್ತೆಯಲ್ಲಿ, ಭೂಮಾಪನ-ಶಾಸ್ತ್ರ-ಪಾರಂಗತನೂ, ಬಾಂದುಕಲ್ಲು-ಶೋಧನ-ಧುರಂಧರನೂ, ಉಳಿದಿರುವ ನಾಲ್ಕು ಕೂದಲನ್ನು ಎಡದಿಂದ ಬಲಕ್ಕೆ ಹೊದಿಸಿಕೊಂಡವನೂ ಆದ ಸರ್ವೇಯರ್ ಚಂದ್ರಮೌಳಪ್ಪನೆಂಬ ಮಹಾವೀರನಿದ್ದನು. ಅವನನ್ನು ಹೊಗಳಲು ಬೇರೆ ಯಾರೂ ಮುಂದೆ ಬಾರದ ಕಾರಣ ಈ ವೀರಗಾಥೆಯನ್ನು ಅವನೇ ಬರೆಯುತ್ತಿದ್ದಾನೆ.

ಅವನಿಗೊಂದು ರಥವಿತ್ತು. ಇಪ್ಪತ್ತೆರಡು ಸಂವತ್ಸರಗಳ ಬಿಸಿಲು ಮಳೆ ಕಂಡ, ಗರ್ಜಿಸದೆ ಹೊರಡದ, ಕೆಮ್ಮದೆ ನಿಲ್ಲದ ಬೂದುಬಣ್ಣದ ಡೀಸೆಲ್ ಕಾರು ಅದು. ಸ್ಟೇರಿಂಗಿನ ಸರಳನ್ನು ಕಂಬದೊಳಗೆ ಬಿಗಿಯಾಗಿ ಹಿಡಿದಿಡುವ ಬುಷ್ ಎಂಬ ಎರಡು ರಬ್ಬರ್ ಬಳೆಗಳು ಸವೆದುಹೋಗಿ, ಸ್ಟೇರಿಂಗು ಹಾಲುಹಲ್ಲಿನಂತೆ ಅಲ್ಲಾಡತೊಡಗಿತ್ತು. ಧರ್ಮಪತ್ನಿಯಾದ ಸರ್ವಮಂಗಳೆ ಆ ರಥವನ್ನೇರುವುದನ್ನು ಬಿಟ್ಟು ತಿಂಗಳಾಗಿತ್ತು. ಮಾರ್ಕೆಟ್ಟಿಗೆ ಅವಳು ಆಟೋದಲ್ಲಿ ಹೋಗುವಳು. ಅವಳ ತರಕಾರಿ ಹೊರಲೆಂದು ವೀರನು ಹಿಂದೆ ಒಬ್ಬನೇ ಕಾರಿನಲ್ಲಿ ಹೋಗುವನು. ಈ ಮೆರವಣಿಗೆಯನ್ನು ಇಡೀ ಬೀದಿ ನಿಂತು ನೋಡುತ್ತಿತ್ತು. ವೀರನಿಗೆ ನಾಚಿಕೆಯಾಗುತ್ತಿತ್ತು. ಪಕ್ಕದ ಸೀಟು ಖಾಲಿಯೆಂಬ ಬೇಜಾರು ಅದಕ್ಕಿಂತ ದೊಡ್ಡದಿತ್ತು.

ಹೀಗಿರಲು, ಒಂದು ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ಬಡಿಸುತ್ತ ಸರ್ವಮಂಗಳೆ ಸಿಡಿಲಿನಂಥ ಮಾತೊಂದನ್ನಾಡಿದಳು.

“ರೀ, ನನ್ ತಮ್ಮ ಮರುಳಸಿದ್ದ ಸಾಯಂಕಾಲ ಐದು ಗಂಟೆಗೆ ಗುಬ್ಬಿಯಿಂದ ಗಿರಾಕಿ ಕರ್ಕೊಂಡು ಬರ್ತಾನಂತೆ. ಕೊಟ್ಬಿಡೋಣ ಈ ಡಬ್ಬಾನ.”

ವೀರನು ತಟ್ಟೆಯನ್ನು ಬದಿಗೊತ್ತಿ, ಪಂಚೆಯನ್ನು ಮೇಲೆತ್ತಿ ಕಟ್ಟಿ, ಎದ್ದುನಿಂತು ಗರ್ಜಿಸಿದನು: “ಎಲೌ ಮಾನಿನಿಯೇ! ಕೆರೆಯಂಗಳ-ಗೋಮಾಳ-ಖರಾಬು-ಸಹಿತ ಸಮಸ್ತ ತಾಲ್ಲೂಕನ್ನು ಅಂಗುಲ ತಪ್ಪದಂತೆ ಅಳೆದ ಈ ಬಾಹುಗಳಿಗೆ ಎರಡು ರಬ್ಬರ್ ಬಳೆಗಳು ಯಾವ ಲೆಕ್ಕ? ಸೂರ್ಯನು ಪಡುವಣಕ್ಕೆ ಜಾರುವ ಮುನ್ನ ಹಳೆಯ ಬುಷ್‌ಗಳನ್ನು ಕಿತ್ತೊಗೆದು ಹೊಸ ಬುಷ್‌ಗಳನ್ನು ಪ್ರತಿಷ್ಠಾಪಿಸದಿದ್ದರೆ ನಾನು ಸರ್ವೇಯರನೇ ಅಲ್ಲ!”

“ಉಪ್ಪಿಟ್ಟು ಆರೋಗುತ್ತೆ, ತಿನ್ನಿ ಮೊದ್ಲು,” ಎಂದಳು ಸರ್ವಮಂಗಳೆ. “ಐದರೊಳಗೆ ಅಲ್ಲಾಡೋದು ನಿಂತ್ರೆ ಕಾರು ಇರ್ಲಿ. ಇಲ್ದಿದ್ರೆ ಸುಮ್ನೆ ಕೊಟ್ಬಿಡ್ಬೇಕು. ಆಮೇಲೆ ಮುಖ ಊದಿಸ್ಕೊಂಡು ಕೂರೋ ಹಾಗಿಲ್ಲ.”

ವೀರನು ಒಪ್ಪಿ, ಮೊದಲೇ ತಂದಿಟ್ಟಿದ್ದ ಹೊಸ ಬುಷ್‌ಗಳೊಡನೆ ಗೇಟಿನ ಒಳಗೆ ನಿಂತಿದ್ದ ಕಾರನ್ನು ಹೊಕ್ಕನು. ಸ್ಟೇರಿಂಗ್ ಕಳಚುವ ಮುನ್ನ ಅದು ಕೂತಿರುವ ಜಾಗಕ್ಕೆ ಗುರುತು ಮಾಡಿಕೊಳ್ಳಬೇಕೆಂದು ಅವನು ಫೋನಿನಲ್ಲಿ ವೀಡಿಯೋ ನೋಡಿ ಕಲಿತಿದ್ದನು. ಸೀಮೆಸುಣ್ಣ ಹಿಡಿದು ನೋಡುತ್ತಾನೆ, ಏನಾಶ್ಚರ್ಯ! ಸ್ಟೇರಿಂಗಿನ ನೆತ್ತಿಯ ಮೇಲೊಂದು ಕೆಂಪು ಚುಕ್ಕೆ; ಅದಕ್ಕೆ ಸರಿಯಾಗಿ ಎದುರಿಗೆ, ಡ್ಯಾಶ್‌ಬೋರ್ಡಿನ ಮೇಲೆ ಇನ್ನೊಂದು ಕೆಂಪು ಚುಕ್ಕೆ. ಕಾರು ಮಾಡಿದವರೇ ಹಾಕಿಟ್ಟ ಗುರುತು! ಮೂವತ್ತು ವರ್ಷ ಗುರುತಿನ ಕಲ್ಲುಗಳನ್ನೇ ನಂಬಿ ಅನ್ನ ತಿಂದವನು ಗುರುತನ್ನು ಅನುಮಾನಿಸುವುದುಂಟೇ? ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡನು.

ಆಮೇಲೆ ನಡೆದ ಘೋರ ಸಮರವನ್ನು ಏನೆಂದು ಬಣ್ಣಿಸಲಿ! ತುಕ್ಕಿನ ಕವಚ ತೊಟ್ಟ ನಟ್ಟೆಂಬ ದಾನವನು ಒಂದೂವರೆ ಗಂಟೆ ಅಲುಗದೆ ಕೂತು, ಕಡೆಗೆ ಸೋತು ಬಂದನು. ಬರಲೊಲ್ಲದ ಸ್ಟೇರಿಂಗು ಎಳೆದೆಳೆದು ಸಾಕಾದ ಮೇಲೆ ಒಮ್ಮೆಲೇ ಕಿತ್ತುಬಂದು ವೀರನ ಮೂಗಿಗೆ ಬಡಿಯಿತು. ಹಳೆಯ ಬುಷ್‌ಗಳು ಚೂರುಚೂರಾಗಿ ಉದುರಿದವು. ಹೊಸವುಗಳಲ್ಲಿ ಕೆಳಗಿನದು ಮರ್ಯಾದೆಯಿಂದ ಕೂತಿತು. ಮೇಲಿನದು ಮಾತ್ರ ಎಷ್ಟು ಒತ್ತಿದರೂ ಪುಟಿದು ಬಂದು ಸೀಟಿನಡಿ ಅಡಗಿಕೊಳ್ಳುತ್ತಿತ್ತು. ಮಧ್ಯಾಹ್ನದ ಊಟ ತಣ್ಣಗಾಯಿತು. ವೀರನು ಕಾರಿನೊಳಗಿಂದ ಆರ್ತನಾದ ಮಾಡಿದನು.

“ಮಂಗಳಾ, ಸ್ವಲ್ಪ ಸೋಪಿನ ನೀರು ಕೊಡೇ!”

“ಅಷ್ಟು ದೊಡ್ಡ ಬಾಹುಗಳಿಗೆ ಪಾತ್ರೆ ಸೋಪು ಬೇಕಾಯ್ತಾ?” ಎನ್ನುತ್ತ ಅವಳು ಲೋಟದಲ್ಲಿ ತಂದುಕೊಟ್ಟಳು. ಸೋಪು ಸವರಿದ್ದೇ ತಡ, ಬುಷ್ಷು ಪಚಕ್ಕನೆ ಒಳಗೆ ಹೋಯಿತು.

ಈ ಹೋರಾಟದಲ್ಲಿ ಸರಳು ಎತ್ತೆತ್ತಲೋ ತಿರುಗಿಹೋಗಿತ್ತು. ವೀರನು ಟೇಪು ಹಿಡಿದು ಅಳೆದಳೆದು ಮುಂದಿನ ಎರಡೂ ಚಕ್ರಗಳನ್ನು ನೆಟ್ಟಗೆ ನಿಲ್ಲಿಸಿದನು. ಬಳಿಕ ಚುಕ್ಕೆಗೆ ಚುಕ್ಕೆ ಕೂಡಿಸಿ ಸ್ಟೇರಿಂಗನ್ನು ಕೂರಿಸಿ ನಟ್ಟು ಬಿಗಿದನು. ಸ್ಟೇರಿಂಗಿನ ಅಡ್ಡಪಟ್ಟಿ ಯಾಕೋ ಓರೆಯಾಗಿ ಕಂಡಿತು. ಹಳೆಯ ಗಾಡಿ, ಮೊದಲಿನಿಂದಲೂ ಹಾಗೇ ಇದ್ದಿರಬೇಕು ಎಂದುಕೊಂಡನು.

ಐದಕ್ಕೆ ಸರಿಯಾಗಿ ಮರುಳಸಿದ್ದಪ್ಪನು ಗಿರಾಕಿಯೊಡನೆ ಬಂದನು. ವೀರನು ಎಲ್ಲರೆದುರು ಸ್ಟೇರಿಂಗನ್ನು ಹಿಡಿದು ಜಗ್ಗಿದನು. ಅದು ಕೂದಲೆಳೆಯಷ್ಟೂ ಅಲುಗಲಿಲ್ಲ. ಜಯಘೋಷದಂತೆ ಹಾರನ್ ಬಾರಿಸಿ, ಕಾರನ್ನು ಚಾಲೂ ಮಾಡಿ, ಅಭ್ಯಾಸಬಲದಿಂದ ಸ್ಟೇರಿಂಗನ್ನು ನೆಟ್ಟಗೆ ಮಾಡಿ ಹೊರಡಿಸಿದನು. ಕಾರು ಗೇಟನ್ನು ಬಿಟ್ಟು ಬಟ್ಟೆ ಒಗೆಯುವ ಕಲ್ಲಿನತ್ತ ಹೊರಟು, ಅದಕ್ಕೊಂದು ಸಣ್ಣ ಗುದ್ದು ಕೊಟ್ಟು ನಿಂತಿತು.

ಗಿರಾಕಿ ಬಗ್ಗಿ ಚಕ್ರ ನೋಡಿದ, ಎದ್ದು ಸ್ಟೇರಿಂಗ್ ನೋಡಿದ. “ಸ್ಟೇರಿಂಗ್ ಒಂದ್ ಕಡೆ, ಚಕ್ರ ಒಂದ್ ಕಡೆ. ಎಲ್ಲೋ ಪಲ್ಟಿ ಹೊಡೆದಿರೋ ಗಾಡಿ ಇದು. ನಮಗ್ ಬ್ಯಾಡ ಸಾಮಿ,” ಎಂದವನೇ ಕಾಫಿಗೂ ನಿಲ್ಲದೆ ನಡೆದುಬಿಟ್ಟ.

“ಏನ್ ಭಾವ ಇದು?” ಎಂದ ಮರುಳಸಿದ್ದಪ್ಪ.

“ಕಂಪನಿಯವರು ಹಾಕಿರೋ ಗುರುತು ನೋಡೇ ಕೂರ್ಸಿದೀನಪ್ಪ!” ಎಂದು ವೀರನು ಕೆಂಪು ಚುಕ್ಕೆಗಳನ್ನು ತೋರಿಸಿದನು.

ಸರ್ವಮಂಗಳೆ ಇಣುಕಿ ನೋಡಿ ಹಣೆ ಚಚ್ಚಿಕೊಂಡಳು. “ಅಯ್ಯೋ ನಿಮ್ಮ! ಅದು ಆಯುಧಪೂಜೆ ದಿನ ನಾನಿಟ್ಟ ಕುಂಕುಮ ಕಣ್ರೀ. ಗೇಟು ಇಕ್ಕಟ್ಟು ಅಂತ ನೀವು ದಿನಾ ಚಕ್ರ ತಿರುಗಿಸೇ ನಿಲ್ಲಿಸ್ತೀರಲ್ಲ. ಸ್ಟೇರಿಂಗು ಹೆಂಗೆ ಓರೆಯಾಗಿತ್ತೋ ಹಂಗೇ ಇಟ್ಟೆ.”

ಮರುಳಸಿದ್ದಪ್ಪ ಗೋಡೆ ಹಿಡಿದು ನಕ್ಕು, ಗಿರಾಕಿಯನ್ನು ಬಸ್ಸಿಗೆ ಬಿಡಲು ಓಡಿದ. ತಾಲ್ಲೂಕನ್ನೇ ಅಳೆದ ವೀರನು ನಟ್ಟು ಬಿಚ್ಚಿ, ಸ್ಟೇರಿಂಗನ್ನು ನೆಟ್ಟಗೆ ಕೂರಿಸಿ, ಮತ್ತೆ ಬಿಗಿದನು. ಅದಕ್ಕೆ ಏಳು ನಿಮಿಷ ಹಿಡಿಯಿತು.

ಸರ್ವಮಂಗಳೆ ಕಿಟಕಿಯಿಂದ ಕೈ ಹಾಕಿ ಸ್ಟೇರಿಂಗನ್ನು ಮೇಲೆ ಕೆಳಗೆ ಜಗ್ಗಿ ನೋಡಿದಳು. ಇನ್ನೊಮ್ಮೆ ಜಗ್ಗಿದಳು. ಅವಳು ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದು, ಎಡಗಡೆಯ ಬಾಗಿಲು ತೆಗೆದು ಕೂತಳು.

“ನಡೀರಿ, ಕೊತ್ತಂಬರಿ ಸೊಪ್ಪು ಇಲ್ಲ ಮನೇಲಿ. ನಿಧಾನಕ್ಕೆ ಓಡ್ಸಿ.”

ಇಷ್ಟೇ, ಮಹಾಜನರೇ, ಆ ದಿಗ್ವಿಜಯ: ಇಡೀ ಭಾನುವಾರ, ಕೋಡುಬಳೆ ಗಾತ್ರದ ಎರಡು ರಬ್ಬರ್ ಬಳೆ, ಊದಿದ ಒಂದು ಮೂಗು. ಕಾರು ಉಳಿದದ್ದು ನನ್ನ ಸಾಹಸದಿಂದಲೋ ನನ್ನ ಎಡವಟ್ಟಿನಿಂದಲೋ ಎಂದು ನಾನು ಯಾರನ್ನೂ ಕೇಳಲು ಹೋಗಿಲ್ಲ. ಮೂಗು ನೋಯುತ್ತಿತ್ತು, ಆದರೂ ದಾರಿಯುದ್ದಕ್ಕೂ ನಗು ಬರುತ್ತಿತ್ತು. ಇಬ್ಬರೂ ಹೋಗಿ ಎರಡು ಕಟ್ಟು ಕೊತ್ತಂಬರಿ ಸೊಪ್ಪು ತಂದೆವು.