ನೀ ಯಾರು ಅಂತ ಕೇಳೋ ಸರ್ವರ್

ಯಂತ್ರಕ್ಕೆ "ನೀ ಯಾರು?" ಅಂತ ಕೇಳೋದು ಕಲಿಸಿದ ದಿನದಿಂದ ನಮ್ಮಲ್ಲಿ ನಗೋದಕ್ಕೆ ಬರ ಬಂದಿಲ್ಲ. ಆದೋನಿಯ ಒಂದು ಹತ್ತಿ ಮಿಲ್ಲಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳೋನು ನಾನು. ಊರೂರಿನಲ್ಲಿ ಹತ್ತಿ ತೂಗುವ ನಮ್ಮ ಕೌಂಟರುಗಳು ಇಲ್ಲಿಯ ಸರ್ವರನ್ನು ಕರೆದು "ಈ ಗಾಡಿಗೆ ಚೀಟಿ ಕೊಡು" ಅನ್ನುತ್ತವೆ. ಕರೆದವರ ಗುರುತು ಹಿಡಿದ ಮೇಲೇ ಸರ್ವರ್ ಚೀಟಿ ಕೊಡಬೇಕು. ಈ ಗುರುತಿನ ಗದ್ದಲದಲ್ಲಿ ಒಬ್ಬಾಕೆಯ ಕೆಲಸವೇ ಹೋಗೋದರಲ್ಲಿತ್ತು. ಹೇಳೋದೆಲ್ಲ ನಿಜ, ಉಪ್ಪು ಖಾರ ಮಾತ್ರ ನನ್ನದು.

ಮ್ಯಾನೇಜರರ ಬಜ್ಜಿ

ಹಳೇ ಸರ್ವರ್ ಬಲು ಮುಗ್ಧ. ಕರೆಯೋ ಯಂತ್ರ ಯಾವ ಹೆಸರು ಹೇಳಿದರೂ ನಂಬುತ್ತಿತ್ತು. ಒಂದು ದಿನ ನನ್ನ ಕಂಪ್ಯೂಟರಿಗೆ "ನಾನು ಮ್ಯಾನೇಜರ್" ಅನ್ನೋದು ಕಲಿಸಿ, ಎಲ್ಲರ ಪರದೆಗೂ ಆದೇಶ ಕಳಿಸಿದೆ: "ಇವತ್ತು ಎಲ್ಲರಿಗೂ ಮಂಡಕ್ಕಿ ಉಗ್ಗಾಣಿ, ಮಿರ್ಚಿ ಬಜ್ಜಿ ನನ್ನ ಕಡೆಯಿಂದ."

ಮ್ಯಾನೇಜರರು ತಮ್ಮ ಆದೇಶವನ್ನು ತಾವೇ ಓದಿ ಕನ್ನಡಕ ಒರೆಸಿಕೊಂಡರು.

"ಏಮಯ್ಯಾ, ಇದನ್ನ ನಾ ಯಾವಾಗ ಬರದೆ?"

"ನಿಮ್ಮ ಹೆಸರೇ ಐತಲ್ರಿ ಸಾರ್. ಸರ್ವರ್ ಸುಳ್ಳು ಹೇಳತೈತೇನು?"

ಸ್ವಲ್ಪ ಯೋಚಿಸಿ ಜೇಬಿಗೆ ಕೈ ಹಾಕಿದರು. "ಬರದೀನಂದ ಮ್ಯಾಲೆ ತರಿಸಬೇಕಲ್ಲ. ನನ್ನ ಮಾತು ನಾನೇ ಕೇಳಲಿಲ್ಲಂದ್ರ ನೀವು ಕೇಳ್ತೀರೇನು?"

ಹೆಪ್ಪು

ಸುದ್ದಿ ಮಿಲ್ಲಿನ ಸಾವ್ಕಾರರ ಕಿವಿಗೆ ಬಿತ್ತು. "ಯಾರು ಯಾರ ಹೆಸರಿನಾಗ ಬೇಕಾದ್ರೂ ಕರೀಬೌದಾ? ಬಂದೋಬಸ್ತ್ ಮಾಡು. ಆಗಲಿಲ್ಲಂದ್ರ ಹೊಳಗುಂದದ ಕೌಂಟರ್ ಮುಚ್ಚತೀನಿ. ಮೊದಲೇ ದೂರ, ಅದೊಂದು ತಲಿಬ್ಯಾನಿ."

ಮುಚ್ಚಿದರೆ ಅಲ್ಲಿ ಚೀಟಿ ಕೊಡುವ ಅಕ್ಕನ ಕೆಲಸ ಹೋದಂತೆ. ಹಾಗಾಗಿ ಒಂದೊಂದು ಕೌಂಟರಿಗೂ ಅದರದೇ ಅಂಕಿ-ಅಕ್ಷರಗಳ ಗುಟ್ಟಿನ ಕೀಲಿ ಮಾಡಿ ಕಂಪ್ಯೂಟರಿಗೆ ಹಾಕಿಕೊಟ್ಟೆ. ಪೆದ್ದಹರಿವಾಣಂ ಕೌಂಟರಿನ ಅಣ್ಣ ತನ್ನ ಕೀಲಿ ಅಳಿಸಿಕೊಂಡು, ನನ್ನನ್ನು ಕೇಳೋದು ಬಿಟ್ಟು ಹೊಳಗುಂದದ ಅಕ್ಕನನ್ನು ಕೇಳಿದ. ಆಕೆ ತನ್ನದನ್ನೇ ಮೊಬೈಲಿನಲ್ಲಿ ಕಳಿಸಿಬಿಟ್ಟಳು. ಅವತ್ತು ಪೆದ್ದಹರಿವಾಣಂ ಹತ್ತಿಯೆಲ್ಲ ಹೊಳಗುಂದದ ಹೆಸರಿಗೆ ಬಿತ್ತು.

"ಅಕ್ಕಾ, ಅದು ನಿನ್ನ ಗುರುತು! ಇನ್ನೊಬ್ಬರಿಗೆ ಕೊಡ್ತಾರೇನವ್ವಾ?" ಅಂತ ಫೋನಿನಲ್ಲಿ ಕೂಗಾಡಿದೆ.

"ಹೆಪ್ಪು ಕೇಳಿದಂಗ ಕೇಳಿದ, ಕೊಟ್ಟೆ. ಹೆಪ್ಪಿಗೆ ಇಲ್ಲ ಅಂತಾರೇನಣ್ಣ? ನನ್ನ ಗಡಿಗ್ಯಾಗೇನೂ ಕಡಿಮಿ ಆಗಿಲ್ಲಲ್ಲ?"

ಕಡಿಮೆ ಎಲ್ಲಿಂದ? ಊರ ಹತ್ತಿಯೆಲ್ಲ ಬಿದ್ದು ಆಕೆಯ ಗಡಿಗೆ ತುಂಬಿ ಚೆಲ್ಲುತ್ತಿತ್ತು.

ಕಾಲು ಗಂಟೆ ಮುಂದೆ

ಎಲ್ಲರಿಗೂ ಹೊಸ ಕೀಲಿ ಕೊಟ್ಟು ಇನ್ನೊಂದು ಬಂದೋಬಸ್ತ್ ಮಾಡಿದೆ: ಪ್ರತಿ ಕರೆಯೂ ತಾನು ಹೊರಟ ಹೊತ್ತನ್ನು ಹೇಳಬೇಕು. ಆ ಹೊತ್ತು ಸರ್ವರಿನ ಗಡಿಯಾರಕ್ಕೆ ಹೊಂದದಿದ್ದರೆ ಬಾಗಿಲು ಬಂದ್.

ಮರುದಿನವೇ ಸಾವ್ಕಾರರು ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊಳಗುಂದಕ್ಕೆ ಬಂದರು. "ಹನ್ನೆರಡರೊಳಗ ಒಂದು ಚೀಟಿ ಬರಬೇಕು. ಇಲ್ಲಂದ್ರ ಬೀಗ."

ಅಂಗಳದಲ್ಲಿ ಹತ್ತಿ ತುಂಬಿದ ಟ್ರ್ಯಾಕ್ಟರುಗಳು. ಅಕ್ಕ ಗುಂಡಿ ಒತ್ತಿದಳು. ಸರ್ವರ್ ಒಲ್ಲೆ ಅಂತು. ವೈರು ಅಲ್ಲಾಡಿಸಿದೆ, ಕೀಲಿ ಮತ್ತೆ ಹಾಕಿದೆ, ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಕೊನೆಗೆ ಪರದೆಯ ಮೂಲೆಯಲ್ಲಿದ್ದ ಗಡಿಯಾರದ ಮೇಲೆ ಕಣ್ಣು ಬಿತ್ತು.

"ಅಕ್ಕಾ, ಇದಕ್ಕೇನಾಗೈತಿ?"

"ಏನೂ ಆಗಿಲ್ಲ, ನಾನೇ ಕಾಲು ಗಂಟಿ ಮುಂದ ಇಟ್ಟೀನಿ. ಮನ್ಯಾಗೂ ಹಂಗೇ. ಅಂದ್ರನೇ ನಮ್ಮ ಹುಡುಗಿ ಹೊತ್ತಿಗೆ ಸಾಲಿಗೆ ಹೋಗತಾಳ."

ಇನ್ನೂ ಬಾರದ ಹೊತ್ತಿನಿಂದ ಕರೆದರೆ ಯಾವ ಸರ್ವರ್ ನಂಬೀತು? ಗಡಿಯಾರ ಸರಿ ಮಾಡಿದೆ. ಕಿರ್ರನೆ ಚೀಟಿ ಬಂತು. ಟ್ರ್ಯಾಕ್ಟರಿನವರು ಶಿಳ್ಳೆ ಹೊಡೆದರು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

ಸಾವ್ಕಾರರು ಕೈಗಡಿಯಾರ ನೋಡಿದರು. "ಹನ್ನೆರಡರ ಮ್ಯಾಲೆ ಐದು ನಿಮಿಷ ಆಗೈತಿ. ಹೊತ್ತು ಮೀರಿತು."

ಅಕ್ಕ ನನ್ನ ಮೊಬೈಲ್ ಕಸಿದು ಅವರ ಮುಖಕ್ಕೆ ಹಿಡಿದಳು. "ಇದರಾಗ ಇನ್ನೂ ಹನ್ನೆರಡಾಗಿಲ್ಲಲ್ರಿ ಸಾವ್ಕಾರ್ರೆ!"

ಅವರು ಅದನ್ನೂ ಇದನ್ನೂ ನೋಡಿ ದನಿ ಇಳಿಸಿದರು. "ಈ ಗಡಿಯಾರನೂ ನಮ್ಮಾಕಿ ಮುಂದ ಇಟ್ಟಿರತಾಳ."

ಬೀಗದ ಮಾತು ಅಲ್ಲಿಗೇ ಮುಗಿಯಿತು. ಅಕ್ಕ ಮಾತ್ರ ಅವರನ್ನು ಬಿಡಲಿಲ್ಲ:

"ಹಂಗಾರ ಸರ್ವರ್ ನಿಮ್ಮನ್ನೂ ಒಳಗ ಬಿಡಂಗಿಲ್ಲ ಬಿಡ್ರಿ!"